ಬೆಟ್ಟವಿಲ್ಲದ ನಾಡಿನಲ್ಲಿ ಒಂದು ಸೆಮಿಸ್ಟರ್

ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಒಂದು ದಿನ ಈ ಮಾತು ಬಂದೇ ಬರುತ್ತದೆ: "ಅಮ್ಮಾ, ಒಂದು ಸೆಮಿಸ್ಟರ್ ಬೇರೆ ದೇಶದಲ್ಲಿ ಓದಬೇಕು ಅಂತಿದ್ದೇನೆ." ಆ ದೇಶ ಸ್ಪೇನ್ ಆಗಿದ್ದರೆ, ನ್ಯೂಜಿಲೆಂಡ್ ಆಗಿದ್ದರೆ ನೀವು ಹೆಚ್ಚು ಯೋಚಿಸಲಿಕ್ಕಿಲ್ಲ. ಬಹರೈನ್ ಅಂದರೆ? ಅದೂ ರಜೆ ಬಂತೆಂದರೆ ಬೂಟು ಕಟ್ಟಿಕೊಂಡು ಬೆಟ್ಟ ಹತ್ತುವ, ಟೆಂಟಿನಲ್ಲಿ ಮಲಗಿದರೇ ಚೆನ್ನಾಗಿ ನಿದ್ದೆ ಬರುವ ಮಗು ಹಾಗಂದರೆ?

ಕೊಲೊರಾಡೊದಲ್ಲಿರುವ ನನ್ನ ಅಕ್ಕ ಫೋನ್ ಮಾಡಿ ಕೇಳಿದ್ದೂ ಇದನ್ನೇ. "ಮರಳು, ಮಾಲ್ ಬಿಟ್ಟರೆ ಅಲ್ಲಿ ಏನಿದೆಯೇ ಮಾರಾಯ್ತಿ? ಇವಳು ಅಲ್ಲಿ ಕೂತು ಏನು ಮಾಡ್ತಾಳೆ?" ಅವಳ ಮಗಳು ರಾಕಿ ಪರ್ವತಗಳ ಬುಡದಲ್ಲಿ ಬೆಳೆದವಳು. ಕಾಲೇಜಿನಲ್ಲಿ ಅರಬ್ಬಿ ಭಾಷೆ ತೆಗೆದುಕೊಂಡಿದ್ದಳು. ನಾವು ಮನಾಮಾದಲ್ಲಿ ಹದಿನೆಂಟು ವರ್ಷದಿಂದ ಇದ್ದೇವೆ. ಹಾಗಾಗಿ ಅವಳು ನಮ್ಮ ಮನೆಯಲ್ಲೇ ಉಳಿದು ಜನವರಿಯಿಂದ ಮೇ ತನಕ ಓದಿಕೊಂಡು ಹೋದಳು. ನಿಮ್ಮ ಮನೆಯಲ್ಲೂ ಇಂಥ ಮಾತು ಎದ್ದಿದ್ದರೆ ಅಕ್ಕನಿಗೆ ನಾನು ಫೋನಿನಲ್ಲಿ ಪೂರ್ತಿ ಹೇಳಲಾಗದ್ದನ್ನು ಇಲ್ಲಿ ಓದಿಕೊಳ್ಳಿ.

ಮೊದಲಿಗೆ ನಿಜ ಹೇಳಿಬಿಡುತ್ತೇನೆ: ಬೆಟ್ಟ ಇಲ್ಲ. ಇಡೀ ದೇಶ ಸುಮಾರು 780 ಚದರ ಕಿಲೋಮೀಟರ್, ಬೆಂಗಳೂರು ನಗರಕ್ಕಿಂತ ತುಸು ದೊಡ್ಡದು ಅಷ್ಟೇ. ಅದರಲ್ಲೂ ಒಂದಷ್ಟು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿಕೊಂಡ ನೆಲ. ಎಲ್ಲಕ್ಕಿಂತ ಎತ್ತರದ ಜಾಗದ ಹೆಸರು ಜಬಲ್ ಅಲ್ ದುಖಾನ್, ಅಂದರೆ ಹೊಗೆಬೆಟ್ಟ. ಸೆಕೆಯ ದಿನ ಸುತ್ತ ಮಬ್ಬು ಕವಿದು ಹೊಗೆಯಾಡಿದಂತೆ ಕಾಣುವುದರಿಂದ ಆ ಹೆಸರು. ಎತ್ತರ 134 ಮೀಟರ್. ನಮ್ಮ ಜೋಗದ ಗುಂಡಿ 253 ಮೀಟರ್. ಅದರ ಅರ್ಧ ಅಂದುಕೊಳ್ಳಿ. ಅದರ ಹತ್ತಿರವೇ 1932ರಲ್ಲಿ ಕೊಲ್ಲಿಯ ಅರಬ್ ದಡದ ಮೊದಲ ಎಣ್ಣೆಬಾವಿಯಲ್ಲಿ ಎಣ್ಣೆ ಸಿಕ್ಕಿತು. ಆ ದಿಬ್ಬದ ಸುತ್ತ ಈಗಲೂ ಕೊಳವೆಗಳು, ಬೇಲಿಗಳು. ಮೊದಲ ವಾರವೇ ಅದನ್ನು ತೋರಿಸಲು ಕರೆದುಕೊಂಡು ಹೋದೆವು. ಹುಡುಗಿ ಕಾರಿನಿಂದ ಇಳಿದು ನೋಡಿ, "ಚಿಕ್ಕಿ, ದಟ್ಸ್ ಇಟ್?" ಅಂದಳು.

ಅಷ್ಟೇ. ಇಲ್ಲಿ ಹೊರಗೆ ಹೋಗುವುದು ಎತ್ತರದ ಲೆಕ್ಕವಲ್ಲ, ಹೊತ್ತಿನ ಲೆಕ್ಕ. ಯಾವ ತಿಂಗಳು, ಯಾವ ಗಂಟೆ, ಸಮುದ್ರ ಉಬ್ಬರದಲ್ಲಿದೆಯೋ ಇಳಿತದಲ್ಲಿದೆಯೋ, ಗಾಳಿ ಯಾವ ಕಡೆಯಿಂದ. ಇದನ್ನು ಕಲಿಯಲು ಅವಳಿಗೆ ಮೂರು ವಾರ ಹಿಡಿಯಿತು. ನಿಮ್ಮ ಮಗುವಿಗೆ ಆಯ್ಕೆ ಇದ್ದರೆ ಜನವರಿಯಲ್ಲಿ ಶುರುವಾಗುವ ಸೆಮಿಸ್ಟರನ್ನೇ ಆರಿಸಿಕೊಳ್ಳಲಿ. ಡಿಸೆಂಬರಿನಿಂದ ಮಾರ್ಚ್ ತನಕ ಇಲ್ಲಿಯ ಹವೆ ನಮ್ಮ ಧಾರವಾಡದ ಚಳಿಗಾಲದಷ್ಟು ಹಿತ. ಸೆಪ್ಟೆಂಬರಿನಲ್ಲಿ ಬಂದಿಳಿದರೆ ಬೆವರೂ ಆರದ ಸೆಕೆ. ಕನ್ನಡಕ ಹಾಕಿಕೊಂಡವರು ಎ.ಸಿ. ಕೋಣೆಯಿಂದ ಹೊರಗೆ ಕಾಲಿಟ್ಟರೆ ಗಾಜಿನ ಮೇಲೆ ಹಬೆ ಕಟ್ಟಿ ಏನೂ ಕಾಣುವುದಿಲ್ಲ. ನಡುಬೇಸಿಗೆಯಲ್ಲಂತೂ ಮಧ್ಯಾಹ್ನ 12ರಿಂದ 4ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಕಾನೂನೇ ಇದೆ. ಆ ಕಾನೂನು ಯಾರಿಗಾಗಿ ಇದೆಯೋ ಆ ಕೂಲಿಗಳಲ್ಲಿ ತುಂಬ ಮಂದಿ ನಮ್ಮ ದೇಶದವರು. ಇದನ್ನೂ ನಿಮ್ಮ ಮಗು ನೋಡುತ್ತದೆ, ನೋಡಲಿ.

ಇನ್ನು ಅವಳ ಕನ್ನಡದ ವಿಷಯ. ನಿಮ್ಮ ಮಕ್ಕಳದ್ದೂ ಹೀಗೇ ಇರಬಹುದು. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ವಾರ ಸುಮ್ಮನೆ ಗಮನಿಸಿದೆ. ಅವಳ ಬಾಯಲ್ಲಿ ಬರುವ ಕನ್ನಡ ಎಲ್ಲಾ ಅಪ್ಪಣೆಯ ಕನ್ನಡ: ಬಾ, ಹೋಗು, ತಿನ್ನು, ಏಳು, ಬೇಗ ಬೇಗ, ಫೋನ್ ಕೆಳಗಿಡು. ಅವಳು ಕೇಳಿ ಬೆಳೆದದ್ದು ಅಷ್ಟನ್ನೇ ಅಲ್ಲವೇ? ಕೊಲೊರಾಡೊದ ಪೈನ್ ಮರಗಳಲ್ಲಿ ಐದಾರು ಬಗೆಯನ್ನು ದೂರದಿಂದಲೇ ಗುರುತಿಸುವವಳಿಗೆ ಕನ್ನಡದಲ್ಲಿ ಗೊತ್ತಿದ್ದ ಮರ ಎರಡು, ತೆಂಗು ಮತ್ತು ಮಾವು. ಅವೂ ಅಡುಗೆಮನೆಯಿಂದ ಬಂದ ಮರಗಳೇ. ಹಕ್ಕಿ, ಕಲ್ಲು, ಗಾಳಿ, ಮೋಡ, ದಾರಿ, ಅವಳಿಗೆ ಪ್ರೀತಿಯಾದದ್ದೆಲ್ಲ ಇಂಗ್ಲಿಷಿನಲ್ಲಿತ್ತು. ಅಕ್ಕನ ಮನೆಯಲ್ಲಿ ಕನ್ನಡಕ್ಕೆ ಬಾಗಿಲಾಚೆ ಕೆಲಸವೇ ಇರಲಿಲ್ಲ.

ಅದು ಬದಲಾಗಲು ಶುರುವಾದದ್ದು ಒಂದು ಮರದ ಕೆಳಗೆ. ಹೊಗೆಬೆಟ್ಟದಿಂದ ಸ್ವಲ್ಪ ದೂರದಲ್ಲಿ, ಸುತ್ತ ಬರೀ ಮರಳು ಮತ್ತು ಕಲ್ಲಿರುವ ಬಯಲಿನಲ್ಲಿ ಒಂದೇ ಒಂದು ದೊಡ್ಡ ಮರ ನಿಂತಿದೆ. ಶಜರತ್ ಅಲ್ ಹಯಾತ್, ಜೀವವೃಕ್ಷ. ಸುಮಾರು 400 ವರ್ಷದ್ದು ಎನ್ನುತ್ತಾರೆ. ಕೊಂಬೆಗಳು ನೆಲಕ್ಕೆ ಬಾಗಿ ಮತ್ತೆ ಮೇಲೆದ್ದಿವೆ. ಬಹರೈನಿಗೆ ಬಂದ ಪ್ರವಾಸಿಗಳೆಲ್ಲ ಹೋಗುವ ಜಾಗ. ಪ್ರವಾಸಿಗಳೆಲ್ಲ ಕೇಳುವ ಪ್ರಶ್ನೆಯೂ ಒಂದೇ, ನೀರು ಎಲ್ಲಿಂದ? ಈ ಜಾತಿಯ ಮರದ ತಾಯಿಬೇರು ಹತ್ತಾರು ಮೀಟರ್ ಆಳಕ್ಕೆ ಇಳಿಯಬಲ್ಲದು, ಅದೇ ಅದರ ಗುಟ್ಟು.

ನನ್ನ ಗಂಡ ಗದಗ ಕಡೆಯವರು. ಅವರು ಮರವನ್ನು ಒಮ್ಮೆ ನೋಡಿದವರೇ, "ಇದು ನಮ್ಮ ಬನ್ನಿ ಗಿಡ ಅಲ್ಲೇನವಾ!" ಅಂದರು. ಹೌದು, ಅದೇ. ಅರಬ್ಬರ ಘಾಫ್, ರಾಜಸ್ಥಾನದ ಖೇಜ್ರಿ, ತೆಲುಗರ ಜಮ್ಮಿ, ನಮ್ಮ ಬನ್ನಿ ಅಥವಾ ಶಮಿ, ಎಲ್ಲವೂ ಒಂದೇ ಮರ. ಸಸ್ಯಶಾಸ್ತ್ರದಲ್ಲಿ ಪ್ರೊಸೋಪಿಸ್ ಸಿನೆರೇರಿಯ. ನೀವು ದುಬೈಯಲ್ಲಿದ್ದರೆ, ಅಲ್ಲಿಯ ರಾಷ್ಟ್ರೀಯ ಮರ ಘಾಫ್ ಕೂಡ ಇದೇ. ಮುಂದಿನ ಬಾರಿ ಪಾರ್ಕಿಗೆ ಹೋದಾಗ ಮಕ್ಕಳಿಗೆ ತೋರಿಸಿ.

ಅವತ್ತು ಆ ಬೇಲಿಯ ಪಕ್ಕ ಚಾಪೆ ಹಾಸಿ ಕೂತು ಚಿಕ್ಕಪ್ಪ ಮಗಳಿಗೆ ಹೇಳಿದ್ದನ್ನು ನಾನು ಬೇಕೆಂದೇ ನಡುವೆ ಬಾಯಿ ಹಾಕದೆ ಕೇಳಿದೆ. ಅಜ್ಞಾತವಾಸಕ್ಕೆ ಹೋಗುವಾಗ ಪಾಂಡವರು ಆಯುಧಗಳನ್ನು ಕಟ್ಟಿಟ್ಟಿದ್ದು ಶಮಿಯ ಮೇಲೆ. ಮೈಸೂರು ದಸರೆಯ ಜಂಬೂಸವಾರಿ ಹೋಗಿ ಮುಟ್ಟುವುದು ಬನ್ನಿಮಂಟಪಕ್ಕೆ. ಉತ್ತರ ಕರ್ನಾಟಕದಲ್ಲಿ ಅಂದು ಸಂಜೆ ಎಲೆ ಕೊಟ್ಟು, ಹಿರಿಯರ ಕಾಲು ಮುಟ್ಟಿ, ಜಗಳವಾಡಿದವರೂ ಮಾತಾಡಿಸಿಕೊಂಡು ಬಂಗಾರದ ಹಾಗೆ ಇರೋಣ ಎನ್ನುತ್ತಾರೆ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಈ ಮರಗಳನ್ನು ಕಡಿಯಲು ಬಂದಾಗ 363 ಮಂದಿ ಬಿಷ್ಣೋಯಿಗಳು ಮರ ತಬ್ಬಿಕೊಂಡು ಪ್ರಾಣ ಕೊಟ್ಟರು. ಹುಡುಗಿ ಕೇಳಿದಳು, ಮೊದಲ ಬಾರಿಗೆ ಪೂರ್ತಿ ಕನ್ನಡದಲ್ಲಿ: "ಚಿಕ್ಕಪ್ಪಾ, ಎಲೆ ಯಾಕೆ ಬಂಗಾರ?" ಅವರು ಹೇಳಿದರು, "ಬರಗಾಲದಾಗ ದನಕ್ಕ ಮೇವು ಇದೊಂದೇ ಉಳಿತದ ನೋಡು, ಅದಕ್ಕ." ಇದು ಪುಸ್ತಕದ ಉತ್ತರವಲ್ಲ, ಪುರಾಣ ಬೇರೆ ಕತೆ ಹೇಳುತ್ತದೆ. ಬರಗಾಲ ಕಂಡ ಊರಿನವರ ಉತ್ತರ ಅದು. ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತದೆ.

ಆಮೇಲೆ ಅವಳು ಎಲ್ಲದಕ್ಕೂ ಹೆಸರು ಕೇಳತೊಡಗಿದಳು. ಹೆಸರು ಗೊತ್ತಿಲ್ಲದಾಗ ನಾವು ಊರಿಗೆ ಫೋನ್ ಮಾಡಿ ಕೇಳಿದೆವು. ಬಹರೈನಿಗರು ಪ್ರೀತಿಯಿಂದ ಸಾಕುವ ಬುಲ್‌ಬುಲ್ ನಮ್ಮ ಪಿಕಳಾರ. ವಲಸೆಯ ದಿನಗಳಲ್ಲಿ ಹುಲ್ಲುಹಾಸಿನ ಮೇಲೆ ಕೊಕ್ಕಿನಿಂದ ಕುಕ್ಕುತ್ತ ಓಡಾಡುವ ಹುದ್‌ಹುದ್ ನಮ್ಮ ಚಂದ್ರಮುಕುಟ. ಚಳಿಗಾಲದಲ್ಲಿ ಆಳವಿಲ್ಲದ ನೀರಿನಲ್ಲಿ ಸಾಲಾಗಿ ನಿಲ್ಲುವ ಫ್ಲೆಮಿಂಗೊ ನಮ್ಮ ರಾಜಹಂಸ. ಅವಳ ನೋಟ್‌ಬುಕ್ಕಿನಲ್ಲಿ ಪ್ರತಿ ಸಾಲಿಗೂ ಮೂರು ಹೆಸರು: ಅರಬ್ಬಿ, ಇಂಗ್ಲಿಷ್, ಕನ್ನಡ. ಕನ್ನಡದ ಕಾಲಂ ಖಾಲಿ ಬಿಟ್ಟಿದ್ದರೆ ಅವಳಿಗೇ ಕಿರಿಕಿರಿ.

ಅಂದ ಹಾಗೆ "ಖಾಲಿ" ಅರಬ್ಬಿಯೇ. ತರಗತಿಯಲ್ಲಿ ಹೆಸರು ಕೂಗಿದರೆ ಮಕ್ಕಳು "ಹಾದಿರ್" ಅನ್ನುತ್ತಾರೆ. ನಮ್ಮ "ಹಾಜರು", "ಹಾಜರಿ ಪುಸ್ತಕ" ಅಲ್ಲಿಂದ ಬಂದವು. ತಾರೀಖು, ಬಾಕಿ, ಅಸಲು, ವಕೀಲ, ಕಾನೂನು ಎಲ್ಲಾ ಪರ್ಷಿಯನ್ ದಾರಿಯಲ್ಲೋ ಉರ್ದು ದಾರಿಯಲ್ಲೋ ನಮಗೆ ತಲುಪಿದ ಅರಬ್ಬಿ ಪದಗಳು. ಇತ್ತ ಬಹರೈನಿಗರ ಆಡುಮಾತಿನಲ್ಲಿ ಫ್ಯಾನಿಗೆ ಬಂಕಾ, ಅದು ನಮ್ಮ ಪಂಖ. ಚಪ್ಪಲಿ, ಶೂಗಳಿಗೆ ಜೂತಿ. 1965ರಲ್ಲಿ ದಿನಾರ್ ಬರುವ ತನಕ ಇಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿ. ಹತ್ತು ರೂಪಾಯಿಗೆ ಒಂದು ದಿನಾರ್ ಎಂದು ಬದಲಾಯಿಸಿದರು. ಅದಕ್ಕೇ ಇಲ್ಲಿಯವರು ಈಗಲೂ 100 ಫಿಲ್ಸ್‌ಗೆ "ರುಬ್ಬಿಯಾ" ಅನ್ನುವುದು. ಅರಬ್ಬಿ ತರಗತಿಯಲ್ಲಿ ಉಳಿದವರು ಗಟ್ಟು ಹೊಡೆಯುತ್ತಿದ್ದ ಪದಗಳು ಇವಳಿಗೆ ಅಜ್ಜನ ಮನೆಯ ಮಾತಿನಂತೆ ಕೇಳಿಸತೊಡಗಿದವು. ಕನ್ನಡ ಗೊತ್ತಿರುವುದು ಕ್ಲಾಸಿನಲ್ಲಿ ಒಂದು ಲಾಭ ಅಂತ ಅವಳಿಗೆ ಅನ್ನಿಸಿದ್ದು ಬಹುಶಃ ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ನಾನು ಕುಮಟಾದವಳು, ನನಗೆ ಮರುಭೂಮಿಗಿಂತ ಕಡಲು ಹತ್ತಿರ. ಹಾಗಾಗಿ ಅವಳನ್ನು ತೂಬ್ಲಿ ಕೊಲ್ಲಿಗೆ ಕರೆದುಕೊಂಡು ಹೋದದ್ದು ನಾನು. ಒಂದು ಕಡೆ ಹೆದ್ದಾರಿ, ಒಂದು ಕಡೆ ಅಪಾರ್ಟ್‌ಮೆಂಟುಗಳು, ನಡುವೆ ಉಳಿದುಕೊಂಡಿರುವ ಕಾಂಡ್ಲಾ ಗಿಡಗಳು. ಅರಬ್ಬಿಯಲ್ಲಿ ಕುರ್ಮ್. ಈ ಕೊಲ್ಲಿ 1997ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೂ ಸುತ್ತ ಮಣ್ಣು ತುಂಬುತ್ತಲೇ ಬಂದು ಅದು ಮೊದಲಿಗಿಂತ ಬಹಳ ಚಿಕ್ಕದಾಗಿದೆ. 2035ರ ಹೊತ್ತಿಗೆ ಕಾಂಡ್ಲಾವನ್ನು ನಾಲ್ಕು ಪಟ್ಟು ಮಾಡುತ್ತೇವೆಂದು ಸರ್ಕಾರ ಹೇಳಿದೆ. ಸಸಿ ನೆಡಲು ವಿದ್ಯಾರ್ಥಿಗಳನ್ನು ಕರೆಯುತ್ತಾರೆ; ನಿಮ್ಮ ಮಗು ಇಲ್ಲಿಗೆ ಬಂದರೆ ತಪ್ಪಿಸಿಕೊಳ್ಳುವುದು ಬೇಡ. ಕೆಸರಿನಲ್ಲಿ ಮೊಳಕಾಲುದ್ದ ಹೂತು, ಮೇಲಕ್ಕೆ ಚುಚ್ಚಿಕೊಂಡು ನಿಂತ ಉಸಿರುಬೇರುಗಳ ನಡುವೆ ನಡೆಯುವುದು ಯಾವ ಟ್ರೆಕ್ಕಿಂಗಿಗೂ ಕಡಿಮೆಯಲ್ಲ.

ಅಲ್ಲಿ ನಿಂತು ನಾನು ಅವಳಿಗೆ ಅಘನಾಶಿನಿಯ ಕತೆ ಹೇಳಿದೆ. ನಮ್ಮ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು, ಗಂಡಸರು ನೀರಿಗಿಳಿದು ಚಿಪ್ಪಿಕಲ್ಲು ಹೆಕ್ಕುವುದು. ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲೂ ಬೆಳೆಯುವ ಕಗ್ಗ ಭತ್ತ. ಗಜನಿಯ ಬಾಗಿಲಿಗೆ ಬಲೆ ಕಟ್ಟಿ, ನೀರು ಹೊರಗೆ ಹೋಗುವಾಗ ಮೀನು ಹಿಡಿಯುವುದು. ಬಹರೈನಿನ ದಡದಲ್ಲೂ ಅದೇ ಉಪಾಯ. ಇಲ್ಲಿಯ ಹದ್ರಾ ಎಂಬ ಬೇಲಿ ದಡದಿಂದ ನೀರಿನೊಳಗೆ ಚಾಚಿಕೊಂಡಿರುತ್ತದೆ. ಉಬ್ಬರದಲ್ಲಿ ಬಂದ ಮೀನು ಇಳಿತದಲ್ಲಿ ಹೊರಗೆ ಹೋಗಲಾರದೆ ಕೊನೆಯ ಸುತ್ತಿನಲ್ಲಿ ಸಿಕ್ಕಿಬೀಳುತ್ತದೆ. ಎರಡು ಊರಿನ ಬೆಸ್ತರೂ ಸಮುದ್ರಕ್ಕೇ ಅರ್ಧ ಕೆಲಸ ವಹಿಸಿಬಿಟ್ಟಿದ್ದಾರೆ. ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿದ್ದರೆ ನನಗೆ ಬರುತ್ತಿರಲಿಲ್ಲ. ಗಜನಿಗೆ, ಕಗ್ಗಕ್ಕೆ ನನಗೆ ಗೊತ್ತಿರುವುದು ಅವೇ ಹೆಸರುಗಳು. ನೀವು ನಿಮ್ಮ ಊರನ್ನು ಮಕ್ಕಳಿಗೆ ಯಾವ ಭಾಷೆಯಲ್ಲಿ ಹೇಳುತ್ತಿದ್ದೀರಿ ಅಂತ ಒಮ್ಮೆ ಗಮನಿಸಿ ನೋಡಿ.

ಫೆಬ್ರವರಿಯಲ್ಲಿ ಟೆಂಟಿನ ಆಸೆಯೂ ತೀರಿತು. ಚಳಿಗಾಲದಲ್ಲಿ ಬಹರೈನಿನ ಕುಟುಂಬಗಳು ನೋಂದಣಿ ಮಾಡಿಸಿಕೊಂಡು ಸಖೀರದ ಬಯಲಿನಲ್ಲಿ ವಾರಗಟ್ಟಲೆ ಡೇರೆ ಹಾಕುತ್ತವೆ. ಜನರೇಟರ್, ಟಿ.ವಿ., ಸೋಫಾ ಎಲ್ಲಾ ಬರುತ್ತದೆ. ಕೊಲೊರಾಡೊದವಳಿಗೆ ಅದು ಕ್ಯಾಂಪಿಂಗ್ ಅನ್ನಿಸಲೇ ಇಲ್ಲ. ಆದರೆ ಅವಳ ಸಹಪಾಠಿಯ ಮನೆಯವರು ಕರೆದಾಗ ಹೋಗಿ ಒಂದು ರಾತ್ರಿ ಉಳಿದು ಬಂದವಳು ಫಗ್ಗಾದ ಸುದ್ದಿ ತಂದಳು. ಮಳೆ ಬಿದ್ದ ವರ್ಷ ಮರಳಿನೊಳಗೆ ಗೆಡ್ಡೆಯ ಹಾಗೆ ಬೆಳೆಯುವ ಒಂದು ಬಗೆಯ ಅಣಬೆ ಅದು. ಮರಳು ಸಣ್ಣಗೆ ಬಿರಿದು ಉಬ್ಬಿದ ಜಾಗವನ್ನು ಹುಡುಕಿ ಕೋಲಿನಿಂದ ಕೆದಕಿ ತೆಗೆಯುತ್ತಾರೆ. ಪೇಟೆಯಲ್ಲಿ ಬಲು ದುಬಾರಿ. ಗುಡುಗು ಬಂದರೆ ಮಾತ್ರ ಫಗ್ಗಾ ಏಳುತ್ತದೆ ಅನ್ನುತ್ತಾರೆ. ಅರಬ್ಬಿಯಲ್ಲಿ ಅದಕ್ಕೆ ಗುಡುಗಿನ ಮಗಳು ಅಂತಲೂ ಹೆಸರಿದೆ. ನಮ್ಮಲ್ಲೂ ಗುಡುಗು ಬಂದ ಮೇಲೆಯೇ ಅಣಬೆ ಹುಡುಕಿಕೊಂಡು ಹೊರಡುವುದು ಅಂತ ನಾನಂದೆ. ಅವಳು ಆ ಮನೆಯ ಅಜ್ಜಿಗೆ ಅದನ್ನು ಅರಬ್ಬಿಯಲ್ಲಿ ಹೇಳಿ ಕಳಿಸಿದಳು. ಮರುವಾರ ಅಲ್ಲಿಂದ ಒಂದು ಚೀಲ ಫಗ್ಗಾ ಬಂತು. ತುಪ್ಪದಲ್ಲಿ ಹುರಿದು, ಸ್ವಲ್ಪ ಕಾಳುಮೆಣಸು ಹಾಕಿದರೆ ಸಾಕು. ತೊಳೆಯುವುದೇ ದೊಡ್ಡ ಕೆಲಸ, ಎಷ್ಟು ತೊಳೆದರೂ ಹಲ್ಲಿಗೆ ಮರಳು.

ಮುತ್ತಿನ ಕತೆ ಇಲ್ಲಿ ಎಲ್ಲರೂ ಹೇಳುತ್ತಾರೆ, ನಾನು ಉದ್ದ ಮಾಡುವುದಿಲ್ಲ. ಮುಹರ್ರಕ್ ಊರಿನ ಹಳೆಯ ಓಣಿಗಳಲ್ಲಿ ಸುಮಾರು ಮೂರೂವರೆ ಕಿಲೋಮೀಟರ್ ಮುತ್ತಿನ ದಾರಿ ಇದೆ. 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಸಂಜೆ ನಡೆಯಲು ಚೆಂದ. ಕಾಲಿಗೆ ಕಲ್ಲು ಕಟ್ಟಿಕೊಂಡು, ಮೂಗಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಮುಳುಗುತ್ತಿದ್ದವರು, ಬೇಸಿಗೆಯ ನಾಲ್ಕು ತಿಂಗಳು ದೋಣಿಯಲ್ಲೇ ಕಳೆಯುತ್ತಿದ್ದವರು. ಅವರು ತಂದ ಮುತ್ತು ಮುಂಬೈ ಪೇಟೆಗೆ ಬಂದು, ಬಸರಾ ಮುತ್ತು ಎಂಬ ಹೆಸರಿನಲ್ಲಿ ನಮ್ಮವರ ಕೊರಳಿಗೂ ಮೂಗಿಗೂ ಏರಿತು. ಮುಳುಗುಗಾರನ ಸಾಲ ಮಾತ್ರ ತೀರುತ್ತಿರಲಿಲ್ಲ, ಸತ್ತರೆ ಮಗನ ತಲೆಗೆ ಬರುತ್ತಿತ್ತು. ಜಪಾನಿನ ಸಾಕಿದ ಮುತ್ತು ಬಂದು ಆ ವ್ಯಾಪಾರ ಕುಸಿಯುವ ಹೊತ್ತಿಗೆ ಎಣ್ಣೆ ಸಿಕ್ಕಿತು.

ನನಗೆ ಮುತ್ತಿಗಿಂತ ನೀರಿನ ಕತೆ ಇಷ್ಟ. ಬಹರೈನ್ ಅಂದರೆ ಎರಡು ಕಡಲು. ಉಪ್ಪುಸಮುದ್ರದ ತಳದಲ್ಲೇ ಸಿಹಿನೀರಿನ ಬುಗ್ಗೆಗಳಿದ್ದವು. ಮುಳುಗುಗಾರರು ಚರ್ಮದ ಚೀಲ ಹಿಡಿದು ಕೆಳಗಿಳಿದು ಕುಡಿಯುವ ನೀರು ತುಂಬಿಸಿಕೊಂಡು ಬರುತ್ತಿದ್ದರು. ನೆಲದ ಮೇಲಿನ ಬುಗ್ಗೆಗಳಲ್ಲಿ ಹೆಸರಾದದ್ದು ಅದಾರಿ. ಅದರ ಕಾಲುವೆ ದೂರದ ತೋಟಗಳಿಗೆ ಹರಿಯುತ್ತಿತ್ತು, ಪಕ್ಕದ ತೋಟಕ್ಕೆ ಹನಿಯಿಲ್ಲ. ಅದರಿಂದ ಇಲ್ಲಿ ಗಾದೆಯೇ ಹುಟ್ಟಿತು: ಅದಾರಿಯ ಹಾಗೆ, ದೂರದವರಿಗೆ ನೀರು, ಹತ್ತಿರದವರಿಗೆ ಒಣಗು. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾವೂ ಹೇಳುತ್ತೇವಲ್ಲ. ಈಗ ಆ ಬುಗ್ಗೆ ಬತ್ತಿದೆ, ಅಲ್ಲೊಂದು ಪಾರ್ಕ್ ಇದೆ. ಅಕ್ಕ ಶನಿವಾರ ಊರಿನ ಮಕ್ಕಳಿಗೆಲ್ಲ ಕನ್ನಡ ಕಲಿಸುತ್ತಾಳೆ. ಮಗಳು ಈ ಗಾದೆಯನ್ನು ಅವಳಿಗೆ ಫೋನಿನಲ್ಲಿ ಹೇಳಿ ಜೋರಾಗಿ ನಕ್ಕಳು. ಅಕ್ಕ ನಗಲಿಲ್ಲ. ಆದರೆ ಆಮೇಲೆ ಇಬ್ಬರ ಫೋನ್ ಮಾತು ಉದ್ದವಾಯಿತು.

ಕೆಲವು ಎಚ್ಚರಿಕೆಗಳು. ಬಯಲಿಗೆ ಒಂಟಿಯಾಗಿ ಹೋಗುವುದು ಬೇಡ, ಅಲ್ಲಿಗೆ ಬಸ್ಸಿಲ್ಲ, ಕಾರು ಬೇಕು. ಮೇಲೆ ಗಟ್ಟಿಯಾಗಿ ಕಾಣುವ ಉಪ್ಪುನೆಲದ ಕೆಳಗೆ ಕೆಸರಿರುತ್ತದೆ; ಗಾಡಿ ಹೂತರೆ ಎಳೆಯಲು ಇನ್ನೊಂದು ಗಾಡಿಯೇ ಬರಬೇಕು. ಎಣ್ಣೆಬಾವಿ, ಅರಮನೆ, ಸೈನ್ಯದ ಬೇಲಿಗಳ ಕಡೆ ಕ್ಯಾಮೆರಾ ತಿರುಗಿಸಬಾರದು. ಈಚಿನ ವರ್ಷಗಳಲ್ಲಿ ರಂಜಾನ್ ಈ ಸೆಮಿಸ್ಟರಿನ ನಡುವೆಯೇ ಬರುತ್ತಿದೆ: ಹಗಲಿನಲ್ಲಿ ಬೀದಿಯಲ್ಲಿ ತಿನ್ನುವಂತಿಲ್ಲ, ನೀರೂ ಕುಡಿಯುವಂತಿಲ್ಲ. ನಡಿಗೆಯನ್ನು ನಸುಕಿಗೋ ರಾತ್ರಿಗೋ ಇಟ್ಟುಕೊಳ್ಳಬೇಕು. ವಾರದ ರಜೆ ಶುಕ್ರವಾರ, ಶನಿವಾರ. ಮನೆಯ ನೆನಪು ಬಂದರೆ ಮನಾಮಾದಲ್ಲಿ ಕನ್ನಡ ಸಂಘದ ಕನ್ನಡ ಭವನ ಇದೆ. ಅಲ್ಲಿ ಯಕ್ಷಗಾನದ ಚೆಂಡೆ ಕೇಳಿ ಇವಳು ಅರ್ಧ ಗಂಟೆ ಕೂರುತ್ತೇನೆ ಅಂದು ಹೋಗಿ ಮಂಗಳ ಹಾಡುವ ತನಕ ಕೂತಳು.

ಹವಾರ್ ದ್ವೀಪಗಳಿಗೆ ಹೋಗಬೇಕೆಂಬುದು ಅವಳ ದೊಡ್ಡ ಆಸೆಯಾಗಿತ್ತು. ಆ ದ್ವೀಪಗಳಲ್ಲಿ ಸೊಕೋಟ್ರಾ ನೀರುಕಾಗೆಗಳು ಚಳಿಗಾಲದಲ್ಲಿ ಸಾವಿರ ಸಾವಿರ ಸಂಖ್ಯೆಯಲ್ಲಿ ನೆಲದ ಮೇಲೇ ಗೂಡು ಮಾಡುತ್ತವೆ. ಸುತ್ತಲಿನ ನೀರಿನಲ್ಲಿ ಸಮುದ್ರದ ಹುಲ್ಲು ಮೇಯುವ ಡ್ಯೂಗಾಂಗುಗಳಿವೆ. ಎರಡು ಸಲ ದೋಣಿ ಗೊತ್ತು ಮಾಡಿದೆವು. ಎರಡು ಸಲವೂ ವಾಯವ್ಯದ ಶಮಾಲ್ ಗಾಳಿ ಎದ್ದು ದೋಣಿ ಹೊರಡಲಿಲ್ಲ. ಮೇ ಬಂತು, ಸೆಕೆ ಬಂತು, ಪರೀಕ್ಷೆ ಮುಗಿಯಿತು. ನೋಟ್‌ಬುಕ್ಕಿನಲ್ಲಿ ಡ್ಯೂಗಾಂಗಿನ ಸಾಲು ಹಾಗೇ ಉಳಿದಿತ್ತು. ಅರಬ್ಬಿಯಲ್ಲಿ ಅದು ಬಕರತ್ ಅಲ್ ಬಹ್ರ್, ಕಡಲಿನ ಹಸು. ಕನ್ನಡದಲ್ಲೂ ಕಡಲಹಸು ಎಂದೇ ಬರೆಯುತ್ತಾರೆ ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ, ಬೆಸ್ತರು ಏನನ್ನುತ್ತಾರೋ ಎಂದು ಕುಮಟಾದ ಅಜ್ಜಿಗೇ ಫೋನ್ ಹಚ್ಚಿದಳು. ಅಜ್ಜಿ ಎಲ್ಲಾ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ಹಾಲು ಕೊಡ್ತದಾ ಅದು?"

ಕೊಡುತ್ತದೆ, ಮರಿಗೆ. ನೀರಿನೊಳಗೆ ಮೊಲೆಯೂಡುವುದು ಹೇಗೆ, ಮರಿ ಉಸಿರಿಗೆ ಮೇಲೆ ಬರುವುದು ಹೇಗೆ, ಹುಲ್ಲು ಮೇದ ಜಾಗದಲ್ಲಿ ಉಳಿಯುವ ಗೆರೆ ಹೇಗಿರುತ್ತದೆ ಎಂದು ಅವಳು ಅಜ್ಜಿಗೆ ವಿವರಿಸುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿ ಅವಳ ಪೆಟ್ಟಿಗೆ ತುಂಬುತ್ತಿದ್ದೆ. ಇಪ್ಪತ್ತು ನಿಮಿಷ ಕಳೆದರೂ ಫೋನ್ ಮುಗಿದಿರಲಿಲ್ಲ.